ಕೂಗಳತೆ

ಮೊದಲೇ ಹೇಳಿಬಿಡುತ್ತೇನೆ, ಆ ದಾರಿ ಅಳಿಸಿದವನು ನಾನೇ.
ಟ್ರೇಸಿಂಗ್ ಹಾಳೆಯ ಮೇಲೆ ಒಣಗಿದ ಶಾಯಿಯನ್ನು
ಅರ್ಧ ಮುರಿದ ಬ್ಲೇಡಿನಲ್ಲಿ ಕೆರೆಯಬೇಕು, ಹಗುರಾಗಿ,
ಹಾಳೆ ಹರಿಯದ ಹಾಗೆ.
ಇಲಾಖೆಯಲ್ಲಿ ನನ್ನಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ.

ಎರಡು ಚುಕ್ಕಿಗೆರೆ. ಗ್ರಾಮನಕ್ಷೆಯಲ್ಲಿ ಬಂಡಿದಾರಿಗೆ ಅಷ್ಟೇ ಗುರುತು.
ಸಾಲಗಾಮೆ ರಸ್ತೆಯಿಂದ ಇಳಿದು
ಪುಟ್ಟಚನ್ನಮ್ಮನ ಆಲೂಗಡ್ಡೆ ಹೊಲದ ಬದುವಿಗೆ ಒರಗಿಕೊಂಡು
ಹಳ್ಳ ದಾಟಿ ಆಚೆ ಊರಿಗೆ ಹೋಗುತ್ತಿತ್ತು.
ಮನುಷ್ಯರು ಹಾಕಿದ ದಾರಿಯಲ್ಲ, ಎತ್ತುಗಳು ಹಾಕಿದ್ದು.
“ಇಲ್ಲೊಂದು ಮೂವತ್ತು ನಲವತ್ತು ಕೂರುತ್ತಲ್ರೀ,”
ಅಂದರು ಸಾಹೇಬರು, ಚಹಾದ ಲೋಟವನ್ನು ನಕ್ಷೆಯ ಮೇಲೇ ಇಟ್ಟು.
ಕೂತಿತು.
ಲೋಟದ ತಳ ಬಿಟ್ಟ ಉಂಗುರದೊಳಗೆ,
ಸೈಟ್ ನಂಬರ್ ನಲವತ್ತೇಳು.

ಈಗ ನಾನಿರುವುದು ನಲವತ್ತಾರರಲ್ಲಿ.
ನಗಬೇಡಿ. ನೌಕರರ ಕೋಟಾದಲ್ಲಿ ಅದೇ ಸಿಕ್ಕಿದ್ದು.

ನಲವತ್ತೇಳು ಇನ್ನೂ ಖಾಲಿ. ಕೊಂಡವರ ಮುಖ ನೋಡಿದವರಿಲ್ಲ.
ಎದೆಯುದ್ದ ಪಾರ್ಥೇನಿಯಂ, ಒಂದು ಒಡೆದ ಕಮೋಡು,
ಅದರಾಚೆ ಗೋಡೆ. ಒಂಬತ್ತಿಂಚು.
ಗೋಡೆಯಾಚೆ ಇನ್ನೊಂದು ಬಡಾವಣೆ,
ಅದಕ್ಕೂ ಒಂದೇ ಬಾಗಿಲು, ರಿಂಗ್ ರಸ್ತೆಯ ಕಡೆಗೆ.
ನಮಗೂ ಒಂದೇ, ಸಾಲಗಾಮೆ ರಸ್ತೆಯ ಕಡೆಗೆ.
ಬೆನ್ನಿಗೆ ಬೆನ್ನು ಹಾಕಿ ಕೂತಿದ್ದೇವೆ
ಭಾಗವಾದ ಮಾರನೇ ದಿನದ ದಾಯಾದಿಗಳ ಹಾಗೆ.

ಆಚೆ ಮನೆಯ ಖುರ್ಷಿದಾಬಿ ಬಟ್ಟೆ ಹೊಲಿಯುತ್ತಾರೆ.
ಮಿಷನ್ನಿನ ಸದ್ದು ನಮ್ಮ ಅಡುಗೆಮನೆಗೆ ಬರುತ್ತದೆ.
ತಟಕ್ಕನೆ ನಿಂತರೆ ನನ್ನವಳು ಸಾರಿಗೆ ಉಪ್ಪು ಹಾಕುತ್ತ
“ದಾರ ಹರೀತು” ಅನ್ನುತ್ತಾಳೆ.
ಅವಳ ಕುಪ್ಪಸ ತರಬೇಕೆಂದರೆ ಮಾತ್ರ
ಎರಡೂವರೆ ಕಿಲೋಮೀಟರು, ಆಟೋಕ್ಕೆ ಎಂಬತ್ತು,
ಎರಡು ಕಡೆಯ ವಾಚ್‌ಮನ್ನರ ಎರಡು ರಿಜಿಸ್ಟರಿನಲ್ಲಿ ರುಜು.

ಪೆನ್ಷನ್ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವರು ಖುರ್ಷಿದಾಬಿ.
ಅಲ್ಲಿ ಒಂದು ಗಲ್ಲಿ ಇನ್ನೊಂದರ ಕಿವಿಗೆ ಬಾಯಿಟ್ಟುಕೊಂಡೇ ಇರುತ್ತದೆ.
ಇತ್ತ ಮದುವೆ ಚಪ್ಪರ ಅಡ್ಡ ಬಂತೋ, ಅತ್ತ ನುಸುಳಿದರಾಯಿತು.
ಅಲ್ಲಿ ದಾರಿ ತಪ್ಪಿದವನೂ ಕಟ್ಟಿನಕೆರೆ ಮಾರ್ಕೆಟ್ಟು ಮುಟ್ಟುತ್ತಾನೆ.
ಇಲ್ಲಿ ದಾರಿ ತಪ್ಪದವನೂ ಗೋಡೆ ಮುಟ್ಟುತ್ತಾನೆ.

ಸಿಲಿಂಡರ್ ಇಳಿಸುವ ಜವರಪ್ಪ ಹೇಳಿದ್ದು:
“ಅವರದು ಲಾಸ್ಟು ಮನೆ, ನಿಮ್ಮದೂ ಲಾಸ್ಟು ಮನೆ,
ಮಧ್ಯ ಅರ್ಧ ಲೀಟರ್ ಡೀಸೆಲ್ಲು ಸಾರ್.”

ಹಳ್ಳಿಯವರಿಗೆ ಒಂದು ಅಳತೆಯಿತ್ತು, ಕೂಗಳತೆ.
ಒಂದಿಂಚಿಗೆ ಇಷ್ಟು ಕೂಗು ಎಂದು ತೋರಿಸುವ ಸ್ಕೇಲು
ನಮ್ಮ ಆಫೀಸಿಗೆ ಕೊನೆಗೂ ಬರಲಿಲ್ಲ.

ಗೋಡೆಯಲ್ಲೊಂದು ಕಿಂಡಿ ಬಿತ್ತು. ಯಾರು ಒಡೆದರೋ.
ಮೊದಲು ನಾಯಿ, ಆಮೇಲೆ ಸ್ಕೂಲಿನ ಹುಡುಗರು,
ಆಮೇಲೆ ಸೆರಗು ಬಿಗಿದುಕೊಂಡು, ತಲೆ ಬಗ್ಗಿಸಿ, ಮೊಸರಿನ ನಾಗಿಣಿ.
ವಾರಕ್ಕೆಲ್ಲ ಪಾರ್ಥೇನಿಯಂ ನಡುವೆ ನೆಲ ಬೆಳ್ಳಗಾಯಿತು.
ನಾನು ಕಿಟಕಿಯಲ್ಲಿ ನಿಂತು ನೋಡಿದೆ.
ಕೆರೆದು ತೆಗೆದ ಕಡೆಯೇ, ಒಂದು ಮಾರು ಅತ್ತಿತ್ತಲಿಲ್ಲದೆ,
ಅದೇ ಓರೆಯಲ್ಲಿ ಬಂದಿತ್ತು.

ಸಂಘದವರು ಮುಚ್ಚಿಸಿದರು. ಮತ್ತೆ ಬಿತ್ತು. ಮತ್ತೆ ಮುಚ್ಚಿಸಿದರು.
ಮೂರನೇ ಸಭೆಯಲ್ಲಿ ವಾಸಪ್ಪಶೆಟ್ಟರು, “ಕಳ್ಳರು ಬರ್ತಾರೆ” ಅಂದರು.
ಕಳ್ಳರ ಹತ್ತಿರ ಬೈಕಿದೆ, ಸುತ್ತಿಕೊಂಡೇ ಬರುತ್ತಾರೆ
ಅನ್ನಬೇಕೆನಿಸಿತು. ಅನ್ನಲಿಲ್ಲ.
ಕಾರ್ಯದರ್ಶಿ ನಾನು. ಗೊತ್ತುವಳಿ ಬರೆದು ರುಜು ಹಾಕಿದೆ.

ಬೆಳಿಗ್ಗೆ ಗಾರೆಯ ಚೆಲುವಯ್ಯ ಬಂದ,
ಇಟ್ಟಿಗೆ ಹೊತ್ತು, ಬೀಡಿ ಕಚ್ಚಿ.
ಕಿಂಡಿಯ ಅಂಚು ಸವೆದು ನುಣ್ಣಗಾದದ್ದನ್ನು ಬೆರಳಿನಿಂದ ಸವರಿದ.
ಗೇಟು ಕೂರಿಸಲು ಕರೆದಿದ್ದಾರೆ ಎಂದುಕೊಂಡನೋ ಏನೋ,
“ಎಷ್ಟಗಲ ಬಿಡ್ಲಿ ಸಾಮಿ?” ಅಂದ.

ಹೇಳಬೇಕಾದ ಮಾತು ಗೊತ್ತುವಳಿಯಲ್ಲೇ ಇತ್ತು.
ಅವನ ಸೀಮೆಸುಣ್ಣ ಇಸಿದುಕೊಂಡೆ.
ಕೈ ಮೊದಲಿನಂತಿಲ್ಲ, ಚುಕ್ಕಿಗಳು ನೆಟ್ಟಗೆ ಕೂರಲಿಲ್ಲ,
ಎರಡು ಗೆರೆ, ಮೇಲಿನಿಂದ ಕೆಳಗೆ.
ಬಂಡಿಗೆ ಸಾಲದು. ಒಂದು ಸೈಕಲ್ಲು ಹೋದೀತು.

ಆಚೆ ಮಿಷನ್ನು ನಿಂತಿತು.
ದಾರ ಹರಿದಿರಬೇಕು.