ಕೊಂಬು

ನಾಲ್ಕನೇ ಇಯತ್ತೆಯಲ್ಲಿ ಬಾಡಕರ ಮಾಸ್ತರರು
ಬೋರ್ಡಿನ ಮೇಲೆ ಸಿ ಯು ಟಿ ಬರೆದು
ಬೆತ್ತದಿಂದ ಗಾಳಿಯನ್ನೇ ಎರಡು ತುಂಡು ಮಾಡಿ ತೋರಿಸಿದರು:
ಕಟ್. ಕಟ್ ಅಂದರೆ ಕತ್ತರಿಸು.

ನಮ್ಮ ನಾಲಿಗೆಗೆ ಅರ್ಧ ಅಕ್ಷರದ ಮೇಲೆ ನಿಂತು ಗೊತ್ತಿಲ್ಲ,
ಕಡೆಯ ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟ ಹಾಗಾಗುತ್ತದೆ.
ಒಂದು ಕೊಂಬು ಕೊಟ್ಟೆವು. ಕಟ್ಟು.
ಅವತ್ತು ಹತ್ತಿದ ಗಂಟು
ಇವತ್ತಿಗೂ ಬಿಚ್ಚಿಲ್ಲ.

ಈಗ ನಾನು ಲೈನ್‌ಮನ್.
ಕೋಡಿಬಾಗದಿಂದ ಬೈತಖೋಲದ ತನಕ
ಉಪ್ಪುಗಾಳಿಗೆ ತುಕ್ಕು ಹಿಡಿದ ಕಂಬಗಳೆಲ್ಲ ನನ್ನವು.
ಬಿಲ್ಲು ಕಟ್ಟು, ಕಟ್ಟದಿದ್ದರೆ ಕರೆಂಟು ಕಟ್ಟು,
ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಮನೆಗೆ ಹೋಗುತ್ತೇನೆ.
ಯಾರೂ ತಪ್ಪು ತಿಳಿದದ್ದಿಲ್ಲ.

ಸಲೂನಿನ ಗೋಡೆಯಲ್ಲಿ ಹದಿನಾರು ನಮೂನೆಯ ಕಟ್ಟು,
ಕಟ್ಟು ಹಾಕಿಸಿದ ಫೋಟೋದಲ್ಲಿ.
ಕಾಲೇಜಿನ ಹುಡುಗರು ಕ್ಲಾಸು ಕಟ್ಟು ಮಾಡಿ
ಬೀಚಿನಲ್ಲಿ ಮರಳಿನ ಮನೆ ಕಟ್ಟುತ್ತಾರೆ.
ಮೊನ್ನೆ ಮಾಜಾಳಿಯ ಮದುವೆಯಲ್ಲಿ
ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಕಟ್ಟಾಗಿ,
ಕತ್ತಲಲ್ಲಿ ಭಟ್ಟರು ಕೂಗಿದರು, ಕಟ್ಟು ಕಟ್ಟು!
ಹಿಂದಿನಿಂದ ಯಾರೋ, ಆಗಲೇ ಕಟ್ಟಾಗಿದೆ ಮಾರಾಯ್ರೇ.
ಮದುಮಗಳೇ ಮೊದಲು ನಕ್ಕದ್ದು.

ಜುಲೈ. ದಂಡೆಗೆ ಕಟ್ಟಿದ ಬೋಟುಗಳ ಮೇಲೆ
ನೀಲಿ ತಾಡಪಾಲು, ತಾಡಪಾಲಿನ ಮೇಲೆ ಕಾಗೆ.
ಮುಕ್ತಾ ಹರಿಕಂತ್ರ ಶೆಡ್ಡಿನ ಬಾಗಿಲಲ್ಲಿ ಕೂತು,
ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ
ಹರಿದಲ್ಲಿ ಹರಿದಲ್ಲಿ ಗಂಟು ಹಾಕುತ್ತಿದ್ದಳು.
ಮೀನಿನ ಫ್ರೀಜರಿನ ಮೀಟರು, ಮೂರು ತಿಂಗಳ ಬಾಕಿ.
ಮುಕ್ತಕ್ಕಾ, ಕಟ್ಟು ಅಂದೆ.
ಕಟ್ಟುತ್ತಾ ಇದ್ದೇನಲ್ಲ, ಅಂದಳು, ತಲೆ ಎತ್ತದೆ.
ಅದಲ್ಲ, ಬಿಲ್ಲು.
ದುಡ್ಡು ನೀರಿನಲ್ಲುಂಟು. ಆಗಸ್ಟಿನಲ್ಲಿ ಹಿಡಿದು ತರುತ್ತೇನೆ.
ಹಾಗಾದರೆ ಕಟ್ಟು, ಅಂದೆ.

ಆಗ ತಲೆ ಎತ್ತಿದಳು. ಕಣ್ಣಲ್ಲಿ ಸಣ್ಣ ತುಂಟತನ:
ನಮ್ಮ ಕೊಂಕಣಿಯಲ್ಲಿ ಕಟ್ಟುವುದಕ್ಕೆ ಬಾಂದ್,
ಮುಚ್ಚುವುದಕ್ಕೆ ಬಂದ್.
ಸ್ವಲ್ಪ ಎಳೆದರೆ ಹಗ್ಗ, ಎಳೆಯದಿದ್ದರೆ ಬೀಗ.
ನಿಮ್ಮಲ್ಲಿ ಅಷ್ಟೂ ವ್ಯವಸ್ಥೆ ಇಲ್ಲವೋ?

ವಾಸ್ಕೋದಿಂದ ಮಗಳ ಫೋನು ಬಂತು.
ಮೊಮ್ಮಗನಿಗೆ ಕಫ ಕಟ್ಟಿದೆಯಂತೆ, ರಾತ್ರಿಯೆಲ್ಲ ನಿದ್ದೆಯಿಲ್ಲವಂತೆ,
ಹಲೋ, ಹಲೋ.
ಫೋನನ್ನು ಸೀರೆಯ ಮಡಿಲಿಗೆ ಹಾಕಿ
ಅದೇ ಗಂಟಿಗೆ ಮರಳಿದಳು,
ಬಿಗಿದಳು, ಉಗುರಿನಿಂದ ಒತ್ತಿ ನೋಡಿದಳು,
ಮಿಕ್ಕ ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ
ಪಕ್ಕಕ್ಕೆ ಉಗಿದಳು.
ಒಂದೊಂದು ಗಂಟಿಗೂ ಹಾಗೇ.
ನಾನು ಏಣಿ ಹಿಡಿದು ಎಷ್ಟು ಹೊತ್ತು ನೋಡಿದೆನೋ.

ಕಂಬ ಹತ್ತಿದ್ದು ನಿಜ. ಮೇಲಿನಿಂದ
ಶೆಡ್ಡಿನ ಹಂಚು, ಫ್ರೀಜರಿನ ಮೇಲೆ ಒಣಗಲು ಹಾಕಿದ ಶಾಲೆಯ ಬೂಟು,
ಆಚೆ ಲೈಟ್‌ಹೌಸಿನ ಗುಡ್ಡ ಕಾಣದ ಹಾಗೆ ಮೋಡ ಕಟ್ಟಿದ್ದು,
ಎಲ್ಲ ಕಂಡಿತು. ಇಕ್ಕಳ ಜೇಬಿನಲ್ಲೇ ಇತ್ತು.
ಇಳಿದು ಬಂದು ರಿಜಿಸ್ಟರಿನಲ್ಲಿ,
ಅವಳ ಆರ್‌ಆರ್ ನಂಬರಿನ ಎದುರು,
ಷರಾ ಕಾಲಮ್ಮಿನಲ್ಲಿ ಬರೆದೆ: ಕಟ್ಟು.

ಸೆಕ್ಷನ್ ಸಾಹೇಬರು ಗದಗಿನವರು, ಓದಿದವರು.
ಕೊಂಬು ಹಿಡಿದು ಓದುತ್ತಾರೋ, ಕೊಂಬು ಬಿಟ್ಟೋ,
ಅವರಿಗೆ ಬಿಟ್ಟದ್ದು.

ರಾತ್ರಿ ಎಂಟಕ್ಕೆ ಗಾಳಿ ಎದ್ದು
ಇಡೀ ಊರಿನ ಕರೆಂಟು ಹೋಯಿತು.
ಅದು ಮಾತ್ರ ನಾನಲ್ಲ.