ಮೂವತ್ತೊಂದು ನಿಮಿಷ

ಝುಗ್ದಿದಿಯ ಸಂತೆಬೀದಿಯ ಹಿಂದೆ ನನ್ನ ಗ್ಯಾರೇಜು.
ಮುಂದೆ ಟಯರು, ಒಳಗೆ ಎಣ್ಣೆ, ಗೋಡೆಗೆ
ಅಪ್ಪ ನೇತುಹಾಕಿ ಹೋದ ಸ್ಪ್ಯಾನರುಗಳ ಸಾಲು.
ಹದಿಮೂರರದ್ದು ಮಾತ್ರ ಎಂದೂ ಜಾಗದಲ್ಲಿರುವುದಿಲ್ಲ.

ಮುರ್ತಾಜ್ ಬಂದದ್ದು ಹೇಜಲ್ ಕಾಯಿ ಕೊಯ್ಲು ಮುಗಿದ ವಾರ.
ಕೈಯಲ್ಲಿ ದುಡ್ಡಿತ್ತು, ಉಗುರಲ್ಲಿನ್ನೂ ಸಿಪ್ಪೆಯ ಕಂದು ಕಲೆ.
ಗಾಡಿ ನಮ್ಮಿಬ್ಬರಿಗಿಂತ ನಾಲ್ಕು ವರ್ಷ ಕಿರಿದು,
ಒಂದೇ ಸಿಲಿಂಡರು, ನಿಂತಲ್ಲೇ ನಡುಗುವ ಜಾತಿ.
"ದಾರಿ ತೋರಿಸೋ ಪರದೆ ಬೇಕು" ಅಂದ.
ನಗು ಬಂತು. ಈ ಊರಿನ ಗುಂಡಿಗಳನ್ನೆಲ್ಲ
ಹೆಸರು ಹಿಡಿದು ಕರೆಯಬಲ್ಲ ಆಸಾಮಿ.

ಮೂರು ತೆಗೆದು ಬಟ್ಟೆಯ ಮೇಲಿಟ್ಟೆ.
ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಬಿಸಿಲಿಗೆ ಹಿಡಿ. ನಿನ್ನ ಮುಖ ಕಂಡರೆ ಅದು ಕನ್ನಡಿ, ಬೇಡ.
ಕೈಗವಸು ಹಾಕಿ ಒತ್ತು. ಓಗೊಡದಿದ್ದರೆ ಬೇಡ.
ಮಳೆ ಕುಡಿಯುವಂಥದ್ದು ಬೇಡ. ಅಗಲ ಹೆಚ್ಚಾದರೆ
ಸ್ಪೀಡೋಮೀಟರು ಮುಚ್ಚಿಹೋಗುತ್ತೆ.
"ಅದರ ಮುಳ್ಳು ನಿಂತದ್ದು ತೊಂಬತ್ತಮೂರರಲ್ಲಿ" ಅಂದ.
ವೇಗವೋ ಇಸವಿಯೋ ಹೇಳಲಿಲ್ಲ.

ಬಿಸಿಲಿಗೆ ಹಿಡಿಯಲಿಲ್ಲ. ಕೈಗವಸು ಕಳಚಿ
ತೋರುಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ
ಒಂದು ಊರಿನ ಹೆಸರು ಒತ್ತಿದ.
ಮೂರರಲ್ಲೂ ಅದೇ ಊರು. ನದಿಯಾಚೆಯದು.

ಮೊದಲನೆಯದು ಅಂಥ ಊರೇ ಇಲ್ಲ ಅಂತು.
ಎರಡನೆಯದು ಬಹಳ ಹೊತ್ತು ಚಕ್ರ ತಿರುಗಿಸಿ
ಪರ್ವತ ಹತ್ತಿ, ಗಡಿ ದಾಟಿ, ರಷ್ಯ ಬಳಸಿ
ಒಂದೂವರೆ ದಿನದ ದಾರಿ ಎಳೆಯಿತು.
ಮೂರನೆಯದು, ಅಗ್ಗದ್ದು, ಲೋಕದ ಸುದ್ದಿ ತಿಳಿಯದ್ದು,
ಎಂಗುರಿ ಸೇತುವೆಯ ಮೇಲೆ ನೆಟ್ಟಗೆ ನೀಲಿ ಗೆರೆ ಹಾಕಿತು:
ಇಪ್ಪತ್ತೆರಡು ಕಿಲೋಮೀಟರು. ಮೂವತ್ತೊಂದು ನಿಮಿಷ.

ಸೇತುವೆಯ ಆ ತುದಿಯಲ್ಲಿ ಬಂದೂಕಿನವರಿದ್ದಾರೆ,
ಈ ತುದಿಯಲ್ಲೂ. ಅವನ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ.
ನನಗೆ ಗೊತ್ತು, ಅವನಿಗೆ ಗೊತ್ತು,
ಪರದೆಗೆ ಯಾರೂ ಹೇಳಿರಲಿಲ್ಲ.
"ಇದೇ" ಅಂದ.
ಬಿಸಿಲಲ್ಲಿ ಏನೂ ಕಾಣಲ್ಲ ಇದರಲ್ಲಿ, ಅಂದೆ.
"ನಾನು ನೋಡೋದು ಸಂಜೆ."

ಹ್ಯಾಂಡಲ್ಲಿನ ನಡುವೆ ಹಿಡಿಕೆ ಕೂರಿಸಿದೆ.
ಹಳೆಯ ಕೊಳವೆ, ತೆಳು; ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದೆ.
ವೈರು ಟ್ಯಾಂಕಿನಡಿ ನುಸುಳಿಸಿ, ಫ್ಯೂಸು ಹಾಕಿ,
ಕೀಲಿಗೆ ಜೋಡಿಸಿದೆ. ಗಾಡಿ ಮಲಗಿದರೆ ಪರದೆಯೂ ಮಲಗಬೇಕು,
ಅದು ನಿಯಮ.

ಮೂರು ವಾರಕ್ಕೆ ವಾಪಸು.
"ಅಲುಗುತ್ತೆ. ಓದೋಕಾಗಲ್ಲ."
ಬೋಲ್ಟು ಬಿಗಿ. ಹಿಡಿಕೆ ಬಿಗಿ.
ನಾನೇ ಹತ್ತಿ ರೈಲು ಹಳಿಯವರೆಗೆ ಓಡಿಸಿದೆ,
ಗುಂಡಿಯಲ್ಲೂ ಪರದೆ ಬಂಡೆಯ ಹಾಗೆ ಕೂತಿತ್ತು.
ನಿಲ್ಲಿಸಿದೆ. ಎಂಜಿನ್ ಸುಮ್ಮನೆ ಗುಡುಗುಡಿಸುತ್ತಿರಲು
ನೀಲಿ ಗೆರೆ ಎರಡಾಯಿತು, ನಾಲ್ಕಾಯಿತು, ಹೊಗೆಯಾಯಿತು.
ಬಗ್ಗಿ ನೋಡಿದೆ: ಸೈಲೆನ್ಸರಿನ ಕೊರಳು ನೀಲಿಗಟ್ಟಿದೆ,
ಗಾಳಿ ಬಡಿಯದೆ ನಿಂತೇ ಉರಿದ ಗಾಡಿಯದು ಹಾಗಾಗುತ್ತೆ.
ಟಯರಿನ ಸಂದಿಯಲ್ಲಿ ನದಿದಂಡೆಯ ಬೂದು ಮರಳು.

ಕೇಳಲಿಲ್ಲ. ಹಿಡಿಕೆಯಡಿಗೆ ಎರಡು ರಬ್ಬರು ಬಿಲ್ಲೆ ಕೊಟ್ಟೆ.
ಐಡ್ಲಿಂಗು ತುಸು ಏರಿಸಿದೀನಿ, ಪೆಟ್ರೋಲು ಕುಡಿಯುತ್ತೆ, ಅಂದೆ.

ಅವನು ಫ್ಯೂಸಿನ ಡಬ್ಬಿಯನ್ನೇ ನೋಡುತ್ತ ನಿಂತು
"ಕೀಲಿಗೆ ಬೇಡ" ಅಂದ. "ನೇರ ಬ್ಯಾಟರಿಗೆ ಕೊಡು.
ಎಂಜಿನ್ ಆರಿಸಿದರೂ ಉರೀತಿರಲಿ.
ಸದ್ದಿಗೆ ಆ ಕಡೆಯ ನಾಯಿ ಬೊಗಳೋದು ಕೇಳಿಸಲ್ಲ."
ಬ್ಯಾಟರಿ ಇಳಿದರೆ ಕತ್ತಲಲ್ಲಿ ಕಿಕ್ಕಿಗೂ ಏಳಲ್ಲ ಗಾಡಿ.
"ಇಳೀಲಿ. ಒಂಬತ್ತು ಕಿಲೋಮೀಟರು, ತಳ್ಕೊಂಡು ಬರ್ತೀನಿ.
ಆವತ್ತೂ ತಳ್ಕೊಂಡೇ ಬಂದದ್ದು,
ಸೀಟಿನ ಮೇಲೆ ಅಮ್ಮ, ಅಮ್ಮನ ಮಡಿಲಲ್ಲಿ ಹೊಲಿಗೆ ಮಿಷನ್ನು."

ಕೆಂಪು ವೈರು ಬ್ಯಾಟರಿಗೆ ಕೊಟ್ಟೆ.
ದುಡ್ಡು ಬೇಡ ಅಂದದ್ದಕ್ಕೆ ಬೆಂಚಿನ ಮೇಲೆ
ಒಂದು ಚೀಲ ಕಾಯಿ ಸುರಿದು ಹೋದ.
ಒಡೆಯಲು ಹದಿಮೂರರ ಸ್ಪ್ಯಾನರು ಹುಡುಕಿದೆ.
ಇರಲಿಲ್ಲ.