ಬಿಟ್ಟುಹೋದವರದ್ದು

ಅದು ನಮ್ಮದಲ್ಲ.
ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು
ಶಾಬಾ ತಾಂಡೇಲನ ಗಿಟಾರು ಅಂತ ಬರೆದುಕೊಳ್ಳಬೇಡಿ.

ಕಾಳಿ ನದಿಗೆ ಸೇತುವೆ ಇಲ್ಲದ ಕಾಲ.
ಕೋಡಿಬಾಗದಿಂದ ಸದಾಶಿವಗಡಕ್ಕೆ ಬಾರ್ಜು,
ಈ ದಡದಲ್ಲಿ ಹಗ್ಗ ಬಿಚ್ಚಿ ಆ ದಡದಲ್ಲಿ ಕಟ್ಟುವವ ಇವನು.
ಒಂದು ಸಂಜೆ ಎಲ್ಲರೂ ಇಳಿದುಹೋದ ಮೇಲೆ
ಬೆಂಚಿನಡಿ ಒಂದು ಕರಿ ಪೆಟ್ಟಿಗೆ,
ದಡಕ್ಕೆ ಬಿದ್ದ ಹಂದಿಮೀನಿನ ಹಾಗೆ.

ಮೂರು ತಿಂಗಳು ಮುಟ್ಟಲಿಲ್ಲ.
ಗೋವಾ ಬಸ್ಸಿನವರನ್ನು ಕೇಳಿದ,
ಮದುವೆ ಬ್ಯಾಂಡಿನವರನ್ನು, ಇಗರ್ಜಿಯ ಪಾದ್ರಿಯನ್ನು.
ಮಳೆ ಹಿಡಿಯಿತು. ಪೆಟ್ಟಿಗೆಗೆ ಬೂಷ್ಟು ಬಂತು.
ಒರೆಸಲೆಂದು ತೆರೆದ,
ಒರೆಸುವಾಗ ಬೆರಳು ತಂತಿಗೆ ತಾಗಿತು.
ಅಷ್ಟೇ ಆದದ್ದು.
ಆಮೇಲಿನ ನಲವತ್ತೇಳು ವರ್ಷ
ಇನ್ನೂ ಒರೆಸುತ್ತಲೇ ಇದ್ದಾನೆ ಅಂತ ಇಟ್ಟುಕೊಳ್ಳಿ.

ಕಲಿಸುವವರು ಯಾರು?
ಗಾಳಿ ಮನಸ್ಸು ಮಾಡಿದ ರಾತ್ರಿ ಪಣಜಿ ರೇಡಿಯೋ,
ಅರ್ಧ ಹಾಡು, ಅರ್ಧ ಗೊರಗೊರ.
ಗೊರಗೊರವನ್ನೂ ಕಲಿತ,
ಯಾವುದು ಬೇಡ ಅನ್ನುವವರಿರಲಿಲ್ಲ.
ಒಟ್ಟಿಗೆ ಒತ್ತುವ ಸ್ವರಗಳಿಗೆ
ಏನನ್ನುತ್ತಾರೋ ತಿಳಿಯದೆ ತಾನೇ ಹೆಸರಿಟ್ಟ:
ತಿಸ್ರೆ. ನೊಗಲಿ. ಏಡಿ.
ಏಡಿ ಹಿಡಿದಾಗ ಬೆರಳೆಲ್ಲ ಸೊಟ್ಟ.

ಮದುವೆಯಾದ ವಾರವೇ ಕೇಳಿದೆ, ಯಾರದ್ದು ಇದು?
‘ಬರುತ್ತಾರೆ’ ಅಂದ.
ತಂತಿ ಕಡಿದರೆ ಗಾಳದ ದಾರ ಕಟ್ಟುತ್ತಿದ್ದ,
ಕಾಸು ಕೂಡಿದ ಮೇಲೆ ಮಡಗಾವಿನಿಂದ ಹೊಸದು.
ಕಡಿದವನ್ನೆಲ್ಲ ಸುರುಳಿ ಸುತ್ತಿ
ಬಿಸ್ಕಿಟ್ ಡಬ್ಬಿಯಲ್ಲಿಟ್ಟಿದ್ದಾನೆ, ಲೆಕ್ಕ ಕೊಡಲಿಕ್ಕೆ.

ಸೇತುವೆಯಾಯಿತು. ಊರೆಲ್ಲ ಪೇಡೆ ತಿಂದಿತು.
ಇವನೊಬ್ಬ ದಕ್ಕೆಯ ಮೇಲೆ ಕೂತು
‘ಇನ್ನು ಅವರು ನನ್ನನ್ನು ಹುಡುಕುವುದು ಹೇಗೆ’ ಅಂದ.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ.
ಮರಗಟ್ಟಿದ ಬೆರಳನ್ನು ನನ್ನ ಸಾರಿನ ಪಾತ್ರೆಗೆ ಆನಿಸಿ,
ಬಿಸಿಯಾದ ಮೇಲೆ ಪೆಟ್ಟಿಗೆ.
ಅನ್ನ ಆರುತ್ತಿತ್ತು. ನಾನು ಬಯ್ಯುತ್ತಿದ್ದೆ.
ಹನ್ನೊಂದನೇ ವರ್ಷ, ಐಸು ಪುಡಿ ಮಾಡುವ ಯಂತ್ರ
ಉಂಗುರಬೆರಳಿನ ತುದಿ ತಿಂದಿತು.

ಎಂಟು ತಿಂಗಳು ಪೆಟ್ಟಿಗೆ ಮಂಚದಡಿ.
ಆಗ ತಿಳಿಯಿತು ನನಗೆ
ಮನೆ ಎಷ್ಟು ಚಿಕ್ಕದು ಅಂತ.
ಒಂದು ರಾತ್ರಿ ನೊಗಲಿಯನ್ನು ಕಿರುಬೆರಳಲ್ಲಿ ಹಿಡಿದ.
ಮೊದಲಿಗಿಂತ ತೆಳ್ಳಗೆ ಕೇಳಿತು.
ಮುಳ್ಳು ತೆಗೆದ ಹಾಗಿದೆ ಅಂದೆ.
ನಕ್ಕ, ಕತ್ತಲಲ್ಲಿ, ಸದ್ದಿಲ್ಲದೆ; ಮಂಚ ಅಲುಗಿತು.

ಶ್ರುತಿಯ ವಿಷಯ ಕೇಳಿದಿರಲ್ಲ.
ಮೊದಲು ಬಾರ್ಜಿನ ಭೋಂಗಾ ಇತ್ತು,
ಅದಕ್ಕೆ ಮೂರನೇ ತಂತಿ, ಮಿಕ್ಕವು ಅದರ ಹಿಂದೆ.
ಬಾರ್ಜು ಗುಜರಿಗೆ ಹೋದ ದಿನ
ಮಾರ್ಕೆಟ್ಟಿನಿಂದ ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ
‘ನೀನು ಬಂಗಡೆ ಕೂಗುತ್ತೀಯಲ್ಲ, ಒಮ್ಮೆ ಕೂಗು’ ಅಂದ.
ತಲೆಯ ಮೇಲೆ ಬುಟ್ಟಿ, ಕೆನ್ನೆಗಿಳಿಯುವ ನೀರು,
ಕೂಗಿದೆ.
‘ಹಾಂ, ಅದೇ ಭೋಂಗಾ’ ಅಂದ.
ಬೇರೆ ಯಾರಾದರೂ ಹಾಗಂದಿದ್ದರೆ ಬಿಡುತ್ತಿದ್ದೆನೇ?

ಮೊನ್ನೆ ಸಿಪ್ರಿಯಾನನ ಮೊಮ್ಮಗ ಬಂದಿದ್ದ,
ಕಾಜುಬಾಗದ ಹುಡುಗ, ಬೆನ್ನಿಗೆ ಮಿರುಗುವ ಗಿಟಾರು.
ಮೊಬೈಲು ಹತ್ತಿರ ಹಿಡಿದ. ಕೆಂಪು. ಆರು ತಂತಿಗೂ ಕೆಂಪು.
‘ಅಜ್ಜಾ, ಒಂದೂವರೆ ಸ್ವರ ಇಳಿದಿದೆ, ಎಲ್ಲ ತಪ್ಪು.’
‘ಬಂದಾಗಲೇ ಹೀಗಿತ್ತು ಬಾಳಾ.
ನಾಳೆ ಮಾಲಕರು ಬಂದರೆ
ನಾನೇನೂ ಬದಲಿಸಿಲ್ಲ ಅನ್ನಬೇಕಲ್ಲ.’

ನಾನು ಒಳಗೆ ಸಿಗಡಿ ಸುಲಿಯುತ್ತಿದ್ದೆ.
ಬಂದಾಗ ಹೀಗಿರಲಿಲ್ಲ.
ಇಷ್ಟು ವರ್ಷ ಕೂಗಿ ಕೂಗಿ ನನ್ನ ಗಂಟಲು ಇಳಿದಿದೆ,
ಅದರ ಹಿಂದೆಯೇ ಆರು ತಂತಿಗಳೂ
ಒಂದೊಂದು ಮೆಟ್ಟಿಲು ಇಳಿದು ಬಂದಿವೆ.
ಅವನಿಗೆ ಹೇಳಿಲ್ಲ.

ಸಂಜೆ ಬುಟ್ಟಿ ತೊಳೆದು ಕವುಚಿ ಹಾಕುವಾಗ
ಒಳಗಿನಿಂದ, ‘ಕೂಗು.’
ಕೂಗುತ್ತೇನೆ.
ಮರಕ್ಕೆ ಕಿವಿ ಒತ್ತಿ ಬಿರಡೆ ತಿರುಗಿಸುತ್ತಾನೆ,
ಇನ್ನೂ ಸ್ವಲ್ಪ ಕೆಳಕ್ಕೆ.